ಎರಡು ಮನೆಗಳ ನಡುವಿನ ಸ್ವರ

ಹಾರ್ಮೋನಿಯಂನ ಬಿಳಿ ಪಟ್ಟಿ ಕರಿ ಪಟ್ಟಿಗಳಿಗೆ ನಮ್ಮ ಕಡೆ ಮನೆ ಅಂತ ಹೆಸರು. ನಾಟಕ ಕಲಿಸಲು ಬರುವ ಹಾರ್ಮೋನಿ ಮೇಷ್ಟ್ರು ಹುಡುಗರ ಗಂಟಲು ಪರೀಕ್ಷೆ ಮಾಡಿ, ಇವನದು ಬಿಳಿ ನಾಲ್ಕು, ಅವನದು ಕರಿ ಎರಡು ಅಂತ ಶ್ರುತಿ ಗೊತ್ತು ಮಾಡುತ್ತಾರೆ. ಒಂದು ಮನೆಗೂ ಅದರ ಪಕ್ಕದ ಮನೆಗೂ ನಡುವೆ ಏನಿದೆ ಅಂತ ಕೇಳಿದರೆ ಏನೂ ಇಲ್ಲ. ಹಾರ್ಮೋನಿಯಂ ಪಾಲಿಗೆ ಅಲ್ಲಿ ಯಾರೂ ವಾಸವಿಲ್ಲ. ಆದರೆ ತಂಬೂರಿ ಹೆಗಲಿಗೇರಿಸಿ ಮಂಟೇಸ್ವಾಮಿ ಕತೆ ಹಾಡುವ ನೀಲಗಾರನ ದನಿ ಬಹಳ ಹೊತ್ತು ಇರುವುದು ಅಲ್ಲೇ. ಮೇಲಿನ ಸ್ವರದಿಂದ ಜಾರಿ, ಕೆಳಗಿನದನ್ನು ಮುಟ್ಟಿದ ಹಾಗೆ ಮಾಡಿ ಮುಟ್ಟದೆ, ಮತ್ತೆ ಎದ್ದು ಹೋಗುವ ದನಿ ಅದು. ಮನೆಗಳನ್ನು ಎಣಿಸಿ ಸಂಗೀತ ಅಳೆಯುವವರಿಗೆ ಈ ದನಿ ಅಪಸ್ವರವಾಗಿ ಕೇಳಿಸುತ್ತದೆ.

ಪೂರಿಗಾಲಿಯ ಹುಡುಗರು ಕೆಲವರು ಈಗ ಕೀಬೋರ್ಡ್ ಕಲಿಯುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿಕೊಂಡು, ಸಾಫ್ಟ್‌ವೇರ್ ಒಳಗೆ ಸ್ವರ ಬಾಗಿಸುವ ವಿದ್ಯೆ ಕಲಿಯುತ್ತಿದ್ದಾರೆ. ಅದಕ್ಕೆ ಪಿಚ್ ಬೆಂಡ್ ಅಂತ ಹೆಸರು. ಕೀಬೋರ್ಡಿನ ಎಡತುದಿಯಲ್ಲಿ ಒಂದು ಸಣ್ಣ ಚಕ್ರ ಇರುತ್ತದೆ. ಬಲಗೈ ಒಂದು ಮನೆಯನ್ನು ಒತ್ತಿ ಹಿಡಿದಿರುವಾಗ ಎಡಗೈ ಆ ಚಕ್ರವನ್ನು ಮೇಲಕ್ಕೆ ನೂಕಿದರೆ ಸ್ವರ ಮೇಲೇರುತ್ತದೆ, ಕೆಳಕ್ಕೆ ಎಳೆದರೆ ಇಳಿಯುತ್ತದೆ. ಮನೆ ಬಿಟ್ಟು ಓಣಿಗಿಳಿಯಲು ಇದೊಂದೇ ಬಾಗಿಲು. ಈ ಕಲಿಕೆಯ ವಿಚಾರವಾಗಿ ನಮ್ಮ ನಡುವೆ ಜಗಳವೇ ನಡೆದಿದೆ. ಜಗಳ ಸಂಗೀತದ್ದು ಮಾತ್ರ ಆಗಿದ್ದರೆ ಈ ಪುಟಗಳಲ್ಲಿ ಬರೆಯುವ ಅಗತ್ಯ ಇರಲಿಲ್ಲ. ನಮ್ಮ ದನಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮಾಡಿದ ಯಂತ್ರವೊಂದನ್ನು ನಾವು ಕಲಿಯಬೇಕೋ, ದೂರ ಇಡಬೇಕೋ? ಕಲಿತರೆ ಬಾಗುವುದು ಯಂತ್ರವೋ ನಾವೋ? ಇದನ್ನು ತೀರ್ಮಾನ ಮಾಡುವ ಹಕ್ಕು ಯಾರದು? ಪ್ರಶ್ನೆ ಇಷ್ಟಕ್ಕೆ ಬಂದು ನಿಂತಿದೆ.

ಮೊದಲು ಊರಿನ ವಿಚಾರ. ಪೂರಿಗಾಲಿ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದು. ಮಂಟೇಸ್ವಾಮಿಯ ಗದ್ದಿಗೆ ಇರುವ ಬೊಪ್ಪೇಗೌಡನಪುರ ಇಲ್ಲಿಂದ ದೂರವೇನಲ್ಲ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಲು ಹೋಗಿ ಪಾಂಚಾಳರ ಕೈಯಲ್ಲಿ ಚಿತ್ರಹಿಂಸೆ ಪಟ್ಟ ಹಲಗೂರು ಇದೇ ತಾಲ್ಲೂಕಿನದು. ಕಾವೇರಿ ದಾಟಿ ಹೋದರೆ ಚಿಕ್ಕಲ್ಲೂರು. ಜನವರಿ ಹುಣ್ಣಿಮೆಯ ಜಾತ್ರೆಗೆ ಈ ಭಾಗದಿಂದ ಒಕ್ಕಲು ಒಕ್ಕಲೇ ಹೊರಡುತ್ತದೆ. ನೀಲಗಾರರಲ್ಲಿ ಹೆಚ್ಚಿನವರು ದಲಿತರು, ಬೇರೆ ಜಾತಿಯವರೂ ಉಂಟು. ತಂಬೂರಿ, ಡಿಕ್ಕಿ, ತಾಳ, ಗಗ್ಗರ, ಇಷ್ಟೇ ಸಾಮಗ್ರಿ. ಇಷ್ಟರಲ್ಲೇ ಬೆಳತನಕ ಹಾಡುತ್ತಾರೆ. ಇವರು ಹಾಡುವ ಕತೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುವುದು ಸತ್ತ ಕರು ಹೊತ್ತು, ನಾರುವ ಮೈಯಲ್ಲಿ. ಶರಣರು ಅನ್ನಿಸಿಕೊಂಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಮೂಗು ಮುಚ್ಚಿದವರು ಯಾರು, ಮುಚ್ಚದವರು ಯಾರು ಅನ್ನುವುದೇ ಅಲ್ಲಿ ಪರೀಕ್ಷೆ. ಕಿವಿ ಮುಚ್ಚಿಕೊಳ್ಳುವವರ ಬಗ್ಗೆ ನಾವು ಬರೆಯುತ್ತಿರುವುದರಿಂದ ಆ ಕತೆಯನ್ನು ಇಲ್ಲಿ ನೆನೆಯಬೇಕಾಯಿತು.

ಕರೆಂಟಿನ ಮಾತನ್ನೂ ಹೇಳಿಬಿಡಬೇಕು, ಯಾಕಂದರೆ ಕರೆಂಟಿಲ್ಲದೆ ಕೀಬೋರ್ಡಿಲ್ಲ. ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಯಿತು. ನಮ್ಮ ತಾಲ್ಲೂಕಿನ ನೀರು ಬಿದ್ದು ಹುಟ್ಟಿದ ಕರೆಂಟು 90 ಮೈಲಿಗೂ ಆಚೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದವು. ತಂತಿ ನಮ್ಮ ತಲೆ ಮೇಲೇ ಹಾದು ಹೋದದ್ದು. ತಂತಿಯ ಕೆಳಗೆ ಇದ್ದ ಹಟ್ಟಿಗಳಲ್ಲಿ ಎಷ್ಟೋ ದಶಕ ಸೀಮೆಣ್ಣೆ ಬುಡ್ಡಿಯೇ ಉರಿಯಿತು. ಯಂತ್ರ ನಮ್ಮದಲ್ಲ ಅನ್ನುವವರಿಗೆ ಇದು ಗೊತ್ತಿರಲಿ. ಯಂತ್ರ ಓಡಿದ್ದು ನಮ್ಮ ನೀರಿನಲ್ಲಿ. ಅದರ ಬೆಳಕು ನಮಗೆ ಬರಲು ತಡವಾಯಿತು, ಅಷ್ಟೆ.

ಇನ್ನು ಕಲಿಯುವ ರೀತಿ. ಹಾಡು ಕೇಳಿ ಮನೆ ಹುಡುಕುವುದು ಹುಡುಗರಿಗೆ ಬೇಗ ಬಂತು. ಊರಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಹಾರ್ಮೋನಿಯಂ ಪಕ್ಕದಲ್ಲೇ ಕೀಬೋರ್ಡು ಕೂತು ಎಷ್ಟೋ ವರ್ಷವಾಯಿತು. ನಮ್ಮ ಜನಕ್ಕೆ ಯಾವ ಕಂಪನಿಯದಾದರೂ ಅದು ಕ್ಯಾಷಿಯೋ. ರಂಗಗೀತೆ, ಸಿನಿಮಾ ಹಾಡು, ಮದುವೆಯ ಆರ್ಕೆಸ್ಟ್ರಾ, ಇವೆಲ್ಲ ಮನೆಯಿಂದ ಮನೆಗೆ ನೆಗೆದೇ ನಡೆದುಹೋಗುತ್ತವೆ. ತೊಡಕು ಬಂದದ್ದು ಒಬ್ಬ ಹುಡುಗ ತನ್ನ ತಾತನ ತಂಬೂರಿ ಪದವನ್ನು ಕೀಬೋರ್ಡಿಗೆ ಇಳಿಸಲು ಹೋದಾಗ. ತಾತ ಪೂರ್ತಿ ಕೇಳಿ ಹೇಳಿದ್ದು ಇಷ್ಟು: "ನಿನ್ ಪೆಟ್ಗೇಲಿ ಸ್ವರ ಎಲ್ಲಾ ಸರ್ಯಾಗೇ ಅವೆ ಕನಪ್ಪ. ಆದ್ರೆ ಒಂದೂ ನಡ್ಕಂಡು ಬತ್ತಿಲ್ಲ, ಎಲ್ಲಾ ನೆಗೆದು ಬತ್ತಾವೆ." ಸಂಗೀತ ಶಾಸ್ತ್ರದ ಪುಸ್ತಕಗಳು ಗಮಕ, ಜಾರು, ಮೀಂಡ್ ಅಂತ ಪುಟಗಟ್ಟಲೆ ವಿವರಿಸುವುದನ್ನು ಆ ಮುದುಕ ಎರಡು ಮಾತಲ್ಲಿ ಹೇಳಿದ್ದ.

ನಡೆದು ಬರುವುದನ್ನು ಚಕ್ರಕ್ಕೆ ಕಲಿಸುವುದು ಕಷ್ಟದ ಕೆಲಸ. ಸಾಮಾನ್ಯವಾಗಿ ಚಕ್ರವನ್ನು ಪೂರ್ತಿ ನೂಕಿದರೆ ಸ್ವರ ಎರಡು ಅರ್ಧ ಸ್ವರದಷ್ಟು, ಅಂದರೆ ಎರಡು ಮನೆಯಷ್ಟು ಮೇಲೆ ಹೋಗುತ್ತದೆ. ಮೊದಮೊದಲು ಹುಡುಗರು ಮನೆ ಒತ್ತಿದ ಮೇಲೆ ಚಕ್ರ ತಿರುಗಿಸುತ್ತಿದ್ದರು. ಕೇಳಿದರೆ ಬಸ್ಸಿನ ಹಾರನ್ ಥರ ಇತ್ತು. ಆಮೇಲೆ ಗೊತ್ತಾಯಿತು, ನೀಲಗಾರರ ದನಿ ಹಾಗೆ ಮೇಲೇರುವುದಲ್ಲ, ಕೆಳಗಿನಿಂದಲೇ ಹುಟ್ಟಿ ಬರುವುದು. ಚಕ್ರವನ್ನು ಮೊದಲೇ ಕೆಳಕ್ಕೆ ಎಳೆದು ಹಿಡಿದು, ಆಮೇಲೆ ಮನೆ ಒತ್ತಿ, ಚಕ್ರವನ್ನು ಸಾವಕಾಶ ಬಿಡಬೇಕು. ಬಿಡುವ ವೇಗ ಬೆರಳಿಗೆ ಗೊತ್ತಿರಬೇಕು, ಬೆರಳಿಗೆ ಗೊತ್ತಾಗಬೇಕಾದರೆ ಮೊದಲು ಬಾಯಲ್ಲಿ ಹಾಡಿರಬೇಕು. ಹಾಡದೆ ಚಕ್ರ ತಿರುಗಿಸುವವನು ದಾರಿ ಗೊತ್ತಿಲ್ಲದೆ ಗಾಡಿ ಹೊಡೆದ ಹಾಗೆ. ಹೀಗಾಗಿ ಯಂತ್ರ ಕಲಿಯಲು ಹೋದ ಹುಡುಗರು ತಾತಂದಿರ ಕಾಲ ಬುಡದಲ್ಲಿ ಕೂರಬೇಕಾಗಿ ಬಂತು. "ಇನ್ನೊಂದ್ಸಲ ಯೇಳ್ಕೊಡಿ ತಾತ, ಮೊಬೈಲ್ಗೆ ಆಕ್ಕತೀನಿ" ಅನ್ನುವ ಮಾತು ಈಗ ಜಗಲಿಗಳಲ್ಲಿ ಕೇಳಿಬರುತ್ತದೆ. ಹತ್ತು ವರ್ಷ ಜಾನಪದ ಉಳಿಸಿ ಅಂತ ಭಾಷಣ ಬಿಗಿದವರಿಂದ ಆಗದ್ದು ಇದು. ಈ ಮಾತನ್ನು ಕುಹಕಕ್ಕೆ ಹೇಳುತ್ತಿಲ್ಲ, ನಮ್ಮ ಕಣ್ಣ ಮುಂದೆ ಆಗಿರುವುದನ್ನು ಹೇಳುತ್ತಿದ್ದೇವೆ.

ಆ ಚಕ್ರಕ್ಕೆ ಒಳಗೆ ಒಂದು ಸ್ಪ್ರಿಂಗ್ ಇದೆ. ಕೈ ಬಿಟ್ಟರೆ ತಾನೇ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಅಂದರೆ ಈ ಯಂತ್ರ ಮಾಡಿದವರ ಮನಸ್ಸಿನಲ್ಲಿ ನೆಟ್ಟಗಿರುವ ಸ್ವರ ಸಹಜ, ಬಾಗಿದ ಸ್ವರ ಸ್ವಲ್ಪ ಹೊತ್ತಿನ ಅಲಂಕಾರ. ಬಾಗಿಸಬೇಕಾದವನು ಸ್ಪ್ರಿಂಗಿನ ವಿರುದ್ಧ ಬಲ ಹಾಕುತ್ತಲೇ ಇರಬೇಕು. ನೆಟ್ಟಗಿನವನಿಗೆ ಆ ಶ್ರಮ ಇಲ್ಲ. ಇದನ್ನು ಓದುವ ಗೆಳೆಯರಿಗೆ ಬೇರೆ ಯಾವುದೋ ಸ್ಪ್ರಿಂಗ್ ನೆನಪಾಗಬಹುದು. ಹಟ್ಟಿಯ ಹುಡುಗ ಪಟ್ಟಣದ ಕಾಲೇಜಿಗೆ ಹೋಗಿ ಮಾತಾಡುವಾಗಲೆಲ್ಲ ಒಳಗಿನಿಂದ ಅದು ಜಗ್ಗುತ್ತದಲ್ಲ, 'ಅಕ್ಕಿ'ಯನ್ನು 'ಹಕ್ಕಿ' ಮಾಡಿಬಿಟ್ಟೆನಾ ಅಂತ.

ಈ ಮನೆಗಳ ಹಂಚಿಕೆ ನಿಸರ್ಗ ಕೊಟ್ಟದ್ದು ಅಂತಲೂ ತಿಳಿಯಬಾರದು. ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದು ಯುರೋಪಿನವರ ಅನುಕೂಲಕ್ಕೆ. ಯಾವ ಮನೆಯಿಂದ ಶುರು ಮಾಡಿದರೂ ಹಾಡು ಒಂದೇ ಥರ ಬರಲಿ ಅಂತ ಮಾಡಿಕೊಂಡ ರಾಜಿ ಅದು. ಒಂದೊಂದು ಪಾಲನ್ನು ನೂರು ಸೆಂಟ್ ಅಂತ ಅಳೆಯುತ್ತಾರೆ. ಈ ಲೆಕ್ಕದಲ್ಲಿ ಕೀಬೋರ್ಡಿನ ಅಂತರ ಗಾಂಧಾರ 400 ಸೆಂಟ್. ಆದರೆ ತಂತಿಯ ಐದನೆಯ ಒಂದು ಪಾಲು ಬಿಟ್ಟು ಮೀಟಿದಾಗ ಬರುವ, ಷಡ್ಜದ ಜೊತೆ ಕಿವಿಗೆ ಇಂಪಾಗಿ ಕೂಡುವ ಗಾಂಧಾರ ಸುಮಾರು 386. ಹದಿನಾಲ್ಕು ಸೆಂಟ್ ಹೆಚ್ಚಾಗಿ ಇರುವುದು ಯಂತ್ರದಲ್ಲಿ. ತಂಬೂರಿಗೆ ಹೊಂದಿಸಿಕೊಂಡು ಹಾಡುವ ನೀಲಗಾರನ ಗಾಂಧಾರ ಕೀಬೋರ್ಡಿಗಿಂತ ಇಳಿದು ಕೇಳಿಸಿದರೆ ತಪ್ಪು ಯಾರದು? ರಾಜಿ ಮಾಡಿಕೊಂಡವನು ಅಳತೆಗೋಲು ಹಿಡಿದು, ರಾಜಿ ಮಾಡಿಕೊಳ್ಳದವನಿಗೆ ಶ್ರುತಿ ತಪ್ಪಿದೆ ಅನ್ನುವ ನ್ಯಾಯ ಇದು.

ಈ ಅಳತೆಗೋಲಿಗೆ ಹಲ್ಲು ಬಂದದ್ದು 1997ರಲ್ಲಿ. ಆ ವರ್ಷ ಅಮೆರಿಕದಲ್ಲಿ ಆಟೋಟ್ಯೂನ್ ಅನ್ನುವ ಸಾಫ್ಟ್‌ವೇರ್ ಹೊರಬಂತು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಎಣ್ಣೆ ಕಂಪನಿಗೆ ಕೆಲಸ ಮಾಡಿದವರು, ಭೂಮಿಯ ಒಳಗೆ ಹೋಗಿ ಬರುವ ಅಲೆಗಳ ಲೆಕ್ಕ ಹಾಕಿ ಎಣ್ಣೆ ಎಲ್ಲಿದೆ ಅಂತ ಹುಡುಕುವ ವಿದ್ಯೆ ಅವರದು. ಅದೇ ಥರದ ಲೆಕ್ಕವನ್ನು ಮನುಷ್ಯನ ಗಂಟಲಿಗೆ ಹಚ್ಚಿದರು. ಹಾಡಿದ ಸ್ವರ ಯಾವ ಮನೆಗೆ ಹತ್ತಿರವೋ ಆ ಮನೆಗೆ ಅದು ಎಳೆದು ಕೂರಿಸುತ್ತದೆ. ನಮ್ಮ ಕಡೆಯ ಹಾಡುಗಾರನೊಬ್ಬ ಒಂದು ಸ್ಟುಡಿಯೋದಲ್ಲಿ ಹಾಡಿ ಬಂದ. ತಿಂಗಳ ಮೇಲೆ ಹಾಡು ಕೈಗೆ ಬಂತು. ಕೇಳಿದ ನಮಗೆ ಯಾರು ಹಾಡಿದ್ದು ಅಂತಲೇ ಗೊತ್ತಾಗಲಿಲ್ಲ. ದನಿ ಅವನದೇ, ನಡಿಗೆ ಅವನದಲ್ಲ. ಇಸ್ತ್ರಿ ಹಾಕಿದ ಹಾಗೆ ಇತ್ತು. ಕೇಳಿದ್ದಕ್ಕೆ, ಸರಿ ಮಾಡಿದೀವಿ, ಅಂದರಂತೆ. ಈ ಸರಿ ಮಾಡುವುದು ಅನ್ನುವ ಮಾತಿನಷ್ಟು ನಮ್ಮ ಜನರನ್ನು ನೋಯಿಸಿರುವ ಮಾತು ಇನ್ನೊಂದಿಲ್ಲ. ಶಾಲೆಯಲ್ಲಿ ನಮ್ಮ ಭಾಷೆ ಸರಿ ಮಾಡಿದರು, ನಮ್ಮ ಹೆಸರು ಸರಿ ಮಾಡಿದರು, ನಮ್ಮ ದೇವರ ಹೆಸರಿನ ಹಿಂದೆ ಮುಂದೆ ಸಂಸ್ಕೃತ ಸೇರಿಸಿ ಸರಿ ಮಾಡಿದರು.

ಹಾಗಾದರೆ ಈ ಯಂತ್ರವೇ ಬೇಡ ಅನ್ನೋಣವೇ? ಗೆಳೆಯರು ಕೆಲವರ ವಾದ ಇದೇ. ಕೀಬೋರ್ಡು ಪರಕೀಯ, ಅದು ಬಂದರೆ ತಂಬೂರಿ ಸಾಯುತ್ತದೆ, ಜಾನಪದದ ಶುದ್ಧತೆ ಕೆಡುತ್ತದೆ ಅನ್ನುತ್ತಾರೆ. ಈ ವಾದವನ್ನು ನಾವು ಮೊದಲ ಸಲ ಕೇಳುತ್ತಿಲ್ಲ. ಫ್ರಾನ್ಸಿನ ಹಾರ್ಮೋನಿಯಂ ಕಲಕತ್ತೆಯ ದ್ವಾರಕಾನಾಥ ಘೋಷ್ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆ ಆಯಿತು. ಆಮೇಲೆ ಕೀರ್ತನೆಗೆ, ನಾಟಕ ಕಂಪನಿಗೆ, ಕವ್ವಾಲಿಗೆ, ಹಳ್ಳಿ ಭಜನೆಗೆ ಎಲ್ಲದಕ್ಕೂ ಅದೇ. ಅಗ್ಗ, ಹೊರಲು ಸುಲಭ, ಶ್ರುತಿ ಕೆಡುವುದಿಲ್ಲ, ಗುರುವಿನ ಕಾಲು ಹತ್ತು ವರ್ಷ ಒತ್ತದೆ ನಾಲ್ಕು ಹಾಡು ಬಾರಿಸಬಹುದು. ಈ ಕೊನೆಯದೇ ಅದರ ದೊಡ್ಡ ಅಪರಾಧ ಅಂತ ನಮ್ಮ ಅನುಮಾನ. 1940ರ ಮಾರ್ಚಿಯಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಅಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಅನ್ನುವ ಇಂಗ್ಲಿಷಿನವರು ಅದರ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರೂ ಅದನ್ನು ಸಹಿಸುತ್ತಿರಲಿಲ್ಲ. ಕಾರಣ ಒಂದೇ: ಭಾರತೀಯ ಸಂಗೀತದ ಜೀವ ಇರುವುದು ಸ್ವರಗಳ ನಡುವಿನ ಜಾರಿನಲ್ಲಿ, ಹಾರ್ಮೋನಿಯಂಗೆ ಅದು ಬಾರದು. ನಿಷೇಧ ಸಡಿಲವಾಗಿದ್ದು 1971ರಲ್ಲಿ, ಅದೂ ಅರೆಬರೆ. ಮೂವತ್ತೊಂದು ವರ್ಷ! 'ಆಕಾಶವಾಣಿ' ಅನ್ನುವ ಹೆಸರಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿಯವರು. ನಮ್ಮ ಮೈಸೂರು ಸೀಮೆ ಕೊಟ್ಟ ಆ ಹೆಸರನ್ನು ದೇಶದ ರೇಡಿಯೋ ಆಮೇಲೆ ತನ್ನದು ಮಾಡಿಕೊಂಡಿತು. ನಮ್ಮ ಸೀಮೆಯ ಹಳ್ಳಿ ಹಳ್ಳಿಯ ವಾದ್ಯಕ್ಕೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಹಾರ್ಮೋನಿಯಂಗೆ ಜಾರು ಬಾರದು ಅನ್ನುವ ಮಾತು ಸುಳ್ಳಲ್ಲ. ಪೂರಿಗಾಲಿಯ ತಾತ ಹೇಳಿದ್ದೂ ಅದೇ, ಠಾಕೂರರು ಹೇಳಿದ್ದೂ ಅದೇ. ಕಿವಿ ಇಬ್ಬರದೂ ಸರಿ ಇತ್ತು. ಆದರೆ ತಾತ ಹಾಗೆ ಹೇಳಿ, ಮತ್ತೆ ಹಾಡಿ ತೋರಿಸಿದ. ರೇಡಿಯೋದವರು ಬಾಗಿಲು ಮುಚ್ಚಿದರು. ಒಂದು ವಾದ್ಯದ ಕೊರತೆ ಎತ್ತಿ ಹೇಳುವುದು ವಿಮರ್ಶೆ. ಆ ಕೊರತೆಯ ನೆಪದಲ್ಲಿ ಅದನ್ನು ನುಡಿಸಿ ಹೊಟ್ಟೆ ಹೊರೆಯುವವನನ್ನು ಆಚೆ ನಿಲ್ಲಿಸುವುದು ಮಡಿ. ನಿಜವಾದ ಮಾತನ್ನೇ ಆಡಿಕೊಂಡು ಅನ್ಯಾಯ ಮಾಡಲು ಸಾಧ್ಯ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮಡಿಗೆ ತನ್ನದೇ ಜಾಣತನವೂ ಇದೆ. ಪಿಟೀಲು ಕೂಡ ಯುರೋಪಿನದೇ. ಹತ್ತೊಂಬತ್ತನೆಯ ಶತಮಾನದ ಶುರುವಿನ ಹೊತ್ತಿಗೆ ಬಾಲುಸ್ವಾಮಿ ದೀಕ್ಷಿತರ ಕೈಯಲ್ಲಿ ಅದು ಕರ್ನಾಟಕ ಸಂಗೀತಕ್ಕೆ ಬಂತು, ಬಂದು ಪಂಕ್ತಿಯಲ್ಲೇ ಕೂತಿತು. ಪಿಟೀಲಿಗೆ ಮನೆಗಳಿಲ್ಲ, ಬೆರಳು ಜಾರಿಸಬಹುದು, ಆದ್ದರಿಂದ ಒಪ್ಪಿದರು ಅನ್ನಬಹುದು. ಹಾಗಿದ್ದರೆ ಚರ್ಮದಲ್ಲೇ ಸ್ವರ ಜಾರಿಸುವ ನಮ್ಮ ಉರುಮೆಯನ್ನು ಯಾಕೆ ಒಪ್ಪಲಿಲ್ಲ? ಉತ್ತರ ಕರ್ನಾಟಕದ ಜೋಗತಿಯರ ಚೌಡಿಕೆಯನ್ನು ನೋಡಿ. ಕಂಕುಳಲ್ಲಿ ಇರುಕಿಕೊಂಡು ತಂತಿಯನ್ನು ಬಿಗಿ ಮಾಡುತ್ತಾ ಸಡಿಲ ಮಾಡುತ್ತಾ ಮೀಟಿದರೆ ಸ್ವರ ಹೇಗೆ ಬೇಕೋ ಹಾಗೆ ಬಾಗುತ್ತದೆ. ಅಮೆರಿಕದ ಮೂಗ್ ಕಂಪನಿ 1970ರಲ್ಲಿ ಮಿನಿಮೂಗ್ ಅನ್ನುವ ಯಂತ್ರಕ್ಕೆ ಚಕ್ರ ಜೋಡಿಸಿ ಸ್ವರ ಬಾಗಿಸಿದ್ದು ಸಂಗೀತ ಚರಿತ್ರೆಯಲ್ಲಿ ದೊಡ್ಡ ಸುದ್ದಿ. ಯಲ್ಲಮ್ಮನ ಹೆಸರಲ್ಲಿ ಬೀದಿ ಪಾಲಾದ ಹೆಂಗಸರು ಕಂಕುಳಲ್ಲೇ ಆ ಕೆಲಸ ಮಾಡುತ್ತಿದ್ದದ್ದು ಯಾರಿಗೂ ಸುದ್ದಿಯಾಗಲಿಲ್ಲ. ಜಾರು ಬೇಕು ಅನ್ನುವವರಿಗೆ ಯಾರ ಜಾರು ಬೇಕು ಅಂತ ಕೇಳದೆ ಬಿಡಬಾರದು. ಮಂಗಳೂರು ಕಡೆಯ ಕದ್ರಿ ಗೋಪಾಲನಾಥರು ನಾಗಸ್ವರ ಊದುವ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದನ್ನೇ ಹಿಡಿದರು, ಗಮಕಕ್ಕೆ ಒಗ್ಗುವ ಹಾಗೆ ಅದನ್ನು ತಿದ್ದಿಕೊಂಡರು. 2004ರಲ್ಲಿ ಪದ್ಮಶ್ರೀ ಬಂತು. ಅಷ್ಟು ಹೊತ್ತಿಗೆ ಸ್ಯಾಕ್ಸೋಫೋನೂ ಮಡಿಯಾಗಿತ್ತು. ಈಗ ಕೀಬೋರ್ಡಿನ ಚಕ್ರ ಹಿಡಿದು ಕೆ. ಸತ್ಯನಾರಾಯಣನ್ ಕಛೇರಿ ಮಾಡುತ್ತಾರೆ, ಸಭೆಗಳು ತುಂಬುತ್ತವೆ. ಅವರ ವಿದ್ಯೆಗೆ ನಾವು ತಲೆಬಾಗುತ್ತೇವೆ. ಆದರೆ ಗಮನಿಸಬೇಕು: ಅದೇ ಚಕ್ರ ಹಿಡಿದ ಪೂರಿಗಾಲಿಯ ಹುಡುಗನಿಗೆ ಮಾತ್ರ, ನಿನ್ನ ಜಾನಪದ ಕೆಡುತ್ತದೆ, ತಂಬೂರಿ ಹಿಡಿ, ಅನ್ನುವ ಬುದ್ಧಿಮಾತು. ಮೇಲಿನವರ ಸಂಗೀತ ಬೆಳೆಯಬಹುದು, ನಮ್ಮದು ಉಳಿಯಬೇಕು. ಮ್ಯೂಸಿಯಮ್ಮಿನಲ್ಲಿ ಇಟ್ಟ ಹಾಗೆ.

ಇನ್ನೊಂದು ಕಡೆಯವರ ವಾದ ಇದಕ್ಕೆ ತದ್ವಿರುದ್ಧ. ಅದು ನಮ್ಮ ಒಳಗಿನಿಂದಲೇ ಬಂದದ್ದು, ಆದ್ದರಿಂದ ಅದಕ್ಕೆ ಹೆಚ್ಚು ಗೌರವ ಕೊಟ್ಟು ಉತ್ತರ ಹೇಳಬೇಕು. ತಮಟೆ ನಮ್ಮ ಕುತ್ತಿಗೆಗೆ ಬಿದ್ದದ್ದು ಕಲೆ ಅಂತಲ್ಲ, ಬಿಟ್ಟಿ ಚಾಕರಿ ಅಂತ. ಊರ ಹಬ್ಬ, ಊರ ಹೆಣ, ಊರ ಸಾರು, ಎಲ್ಲದಕ್ಕೂ ಬಡಿಯಬೇಕು. ಬಡಿದವನು ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಚಳವಳಿ ಹಳ್ಳಿಗಳಿಗೆ ಬಂದಾಗ ಎಷ್ಟೋ ಕೇರಿಗಳು ಇನ್ನು ತಮಟೆ ಬಡಿಯುವುದಿಲ್ಲ ಅಂತ ತೀರ್ಮಾನ ಮಾಡಿದವು. ಅದಕ್ಕಾಗಿ ಬಹಿಷ್ಕಾರ ಅನುಭವಿಸಿದವು. ಹೀಗೆ ಬಿಟ್ಟು ಬಂದದ್ದನ್ನು ಕಂಪ್ಯೂಟರಿನಲ್ಲಿ ಮತ್ತೆ ಯಾಕೆ ಕಟ್ಟಿಕೊಳ್ಳುತ್ತೀರಿ? ಕೀಬೋರ್ಡು ಬಂದಿರುವುದು ಪುಣ್ಯ, ಅದಕ್ಕೆ ಜಾತಿ ಇಲ್ಲ, ಎಲ್ಲರ ಹಾಗೆ ಸಿನಿಮಾ ಹಾಡು ಬಾರಿಸಿಕೊಂಡು ಗೌರವವಾಗಿ ಸಂಪಾದನೆ ಮಾಡಲಿ ಹುಡುಗರು. ಬಾಬಾಸಾಹೇಬರು ಗಾಂಧಿವಾದವನ್ನು ಟೀಕಿಸುತ್ತಾ ಯಂತ್ರದ ಪರವಾಗಿ ವಾದ ಮಾಡಲಿಲ್ಲವೇ?

ಮಾಡಿದರು. 1945ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ವಾದ ಇದೆ. ಯಂತ್ರ ಮನುಷ್ಯನನ್ನು ಮೃಗದ ದುಡಿಮೆಯಿಂದ ಬಿಡಿಸುತ್ತದೆ, ಬಿಡುವು ಕೊಡುತ್ತದೆ; ಬಿಡುವಿಲ್ಲದೆ ಸಂಸ್ಕೃತಿ ಇಲ್ಲ; ಯಂತ್ರದಿಂದ ಕೆಡುಕಾಗಿದ್ದರೆ ಅದು ಸಮಾಜದ ಏರ್ಪಾಡಿನ ತಪ್ಪು ಅನ್ನುವ ಅರ್ಥದ ಮಾತು ಅದು. ಅಲ್ಲಿ ಬಿಡುವು ಅನ್ನುವ ಮಾತನ್ನು ನಾವು ಹಗುರವಾಗಿ ಓದಬಾರದು. ಬಿಡುವು ಸಿಕ್ಕ ಮನುಷ್ಯ ಏನು ಮಾಡಬೇಕು ಅನ್ನುವುದನ್ನು ಅವನೇ ಆರಿಸಿಕೊಳ್ಳುತ್ತಾನೆ. ಬಾಬಾಸಾಹೇಬರೇ ತಮ್ಮ ಕೊನೆಯ ವರ್ಷಗಳಲ್ಲಿ ಪಿಟೀಲು ಕಲಿಯಲು ಕೂತರು. ಬಿಟ್ಟಿಗೆ ತಮಟೆ ಬಡಿಯುವುದನ್ನು ನಿಲ್ಲಿಸಿದ ಚಳವಳಿಯೇ ತನ್ನ ಮೆರವಣಿಗೆಯಲ್ಲಿ ಅದೇ ತಮಟೆ ಬಡಿಯಿತು. ಅದರಲ್ಲಿ ವಿರೋಧಾಭಾಸ ಇಲ್ಲ. ಗೌಡನ ಹೆಣದ ಮುಂದೆ ಬಡಿಯುವಾಗ ಕೈ ಮಾತ್ರ ನಮ್ಮದು, ಮೆರವಣಿಗೆಯಲ್ಲಿ ಯಾವಾಗ ನಿಲ್ಲಿಸಬೇಕು ಅನ್ನುವುದೂ ನಮ್ಮದು. ಆಜ್ಞೆಗೆ ಬಡಿದದ್ದು ಚಾಕರಿ. ಹಾಗೆಯೇ ಆಜ್ಞೆಗೆ ಬಿಟ್ಟದ್ದೂ ಚಾಕರಿಯೇ, ಆ ಆಜ್ಞೆ ನಮ್ಮ ಸಂಘಟನೆಯಿಂದಲೇ ಬಂದರೂ. ಈ ಮಾತು ಕೆಲವರಿಗೆ ರುಚಿಸುವುದಿಲ್ಲ ಅಂತ ಗೊತ್ತು.

ಕೀಬೋರ್ಡಿಗೆ ಜಾತಿ ಇಲ್ಲ ಅನ್ನುವುದನ್ನೂ ನಾವು ಒಪ್ಪುವುದಿಲ್ಲ. ಜಾತಿ ಇಲ್ಲದಿರಬಹುದು, ವರ್ಗ ಇದೆ, ಅಭ್ಯಾಸ ಇದೆ. ಅಗ್ಗದ ಕೀಬೋರ್ಡುಗಳಲ್ಲಿ ಹಲವಕ್ಕೆ ಚಕ್ರವೇ ಇರುವುದಿಲ್ಲ. ದುಡ್ಡಿಲ್ಲದವನಿಗೆ ಬರೀ ಮನೆಗಳು, ದುಡ್ಡಿರುವವನಿಗೆ ಓಣಿಯೂ ಉಂಟು. ಕೀಬೋರ್ಡೂ ಕಂಪ್ಯೂಟರೂ ಮಾತಾಡಿಕೊಳ್ಳುವ ಮಿಡಿ ಅನ್ನುವ ಭಾಷೆ 1983ರಲ್ಲಿ ಗೊತ್ತಾಯಿತು. ಆ ಭಾಷೆಯಲ್ಲಿ ಚಕ್ರದ ಪೂರ್ತಿ ಓಟಕ್ಕೆ 16,384 ಮೆಟ್ಟಿಲುಗಳಿವೆ. ತಾತನ ಜಾರಿಗೆ ಅಷ್ಟು ಧಾರಾಳ ಸಾಕು. ಆದರೆ ಕಡಿಮೆ ಬೆಲೆಯ ಚಕ್ರಗಳು ಬಹಳ ಸಲ ಅಷ್ಟು ಮೆಟ್ಟಿಲು ಕೊಡುವುದೇ ಇಲ್ಲ. ಇನ್ನೊಂದು ವಿಚಿತ್ರ ಕಟ್ಟು ಇತ್ತು. ಒಂದು ಚಾನೆಲ್ಲಿನಲ್ಲಿ ಚಕ್ರ ತಿರುಗಿಸಿದರೆ ಆ ಚಾನೆಲ್ಲಿನ ಸ್ವರಗಳೆಲ್ಲ ಒಟ್ಟಿಗೇ ಬಾಗಬೇಕು. ಒಬ್ಬನ ದನಿ ಜಾರಿದರೆ ಜೊತೆಯವರೆಲ್ಲ ಜಾರಬೇಕು. ಪ್ರತಿ ಸ್ವರಕ್ಕೂ ಬೇರೆ ಬಾಗು ಕೊಡುವ ಒಪ್ಪಂದ ಯಂತ್ರ ಮಾಡುವವರ ನಡುವೆ ಆಗಲು 2018ರವರೆಗೆ ಕಾಯಬೇಕಾಯಿತು. ಆ ಹೊಸ ಯಂತ್ರಗಳು ಪೂರಿಗಾಲಿಗೆ ಬಂದಿಲ್ಲ. ಹುಡುಗರು ಹಳೆಯದರಲ್ಲೇ ಉಪಾಯ ಹುಡುಕಿಕೊಂಡಿದ್ದಾರೆ: ತಂಬೂರಿಯ ಶ್ರುತಿಯನ್ನು ಬೇರೆ ಚಾನೆಲ್ಲಿಗೆ ಹಾಕುವುದು, ದನಿಯನ್ನು ಇನ್ನೊಂದಕ್ಕೆ. ಆಗ ಶ್ರುತಿ ನಿಂತಲ್ಲೇ ನಿಲ್ಲುತ್ತದೆ, ದನಿ ಮಾತ್ರ ನಡೆಯುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಕೀಬೋರ್ಡು ಇಲ್ಲದಿದ್ದರೂ ಚಿಂತೆಯಿಲ್ಲ. ಪ್ರಾಟ್ ಅನ್ನುವ ಒಂದು ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾತಿನ ಸಂಶೋಧನೆಗೆ ಅಂತ ಮಾಡಿ ಪುಕ್ಕಟೆ ಕೊಟ್ಟಿರುವುದು. ಹಾಡಿದ ದನಿಯನ್ನು ಅದಕ್ಕೆ ಹಾಕಿದರೆ ಸ್ವರ ನಡೆದ ದಾರಿಯನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ಊರಿನ ಹಾಡುಗಾರರೊಬ್ಬರ ದನಿ ಹಾಕಿ ಮಕ್ಕಳಿಗೆ ತೋರಿಸಿ. ಆ ಗೆರೆಯಲ್ಲಿ ನೆಟ್ಟಗಿನ ತುಂಡು ಹುಡುಕಿದರೂ ಕಷ್ಟ. ಕಾವೇರಿಯ ದಂಡೆಯ ಹಾಗೆ ಹೋಗಿರುತ್ತದೆ. ಪೂರಿಗಾಲಿಯ ಹುಡುಗರು ಅದನ್ನು ನೋಡಿಕೊಂಡೇ ಸಾಫ್ಟ್‌ವೇರಿನಲ್ಲಿ ಕೈಯಿಂದ ಬಾಗು ಗೆರೆ ಬರೆಯುವುದು ಕಲಿತರು. ಬರೆದ ಗೆರೆಗೆ ಸ್ಪ್ರಿಂಗ್ ಇಲ್ಲ, ಹಾಕಿದಲ್ಲೇ ನಿಲ್ಲುತ್ತದೆ. ತಾತನ ದನಿ ತಪ್ಪಲ್ಲ ಅಂತ ಒಂದು ಯಂತ್ರ ಬರೆದು ತೋರಿಸಿದಾಗ ಮೊಮ್ಮಗನ ಮುಖ ಹೇಗಾಗುತ್ತದೆ ಅನ್ನುವುದನ್ನು ನೋಡಿದ ಮೇಲೆ ನಮಗೆ ಯಂತ್ರದ ಮೇಲಿನ ಸಿಟ್ಟು ಅರ್ಧ ಇಳಿಯಿತು. ಹಾಗೆಯೇ, ತಾತನ ದನಿ ತಪ್ಪಲ್ಲ ಅನ್ನಲು ಯಂತ್ರದ ಸಾಕ್ಷಿ ಯಾಕೆ ಬೇಕಾಯಿತು ಅನ್ನುವ ಸಿಟ್ಟು ಹುಟ್ಟಿತು.

ಉಳಿದಿರುವುದು ಒಡೆತನದ ಮಾತು. ಇದರಲ್ಲಿ ನಮಗೆ ಹೆಚ್ಚು ಭಯ ಇದೆ. ತಾತನ ದನಿಯನ್ನು ಮೊಬೈಲಿಗೆ ಹಾಕಿಕೊಂಡ ಮೇಲೆ ಅದು ಯಾರದು? ಕತ್ತರಿಸಿ ಒಂದೊಂದು ಸ್ವರವನ್ನು ಕೀಬೋರ್ಡಿನ ಒಂದೊಂದು ಮನೆಗೆ ಕಟ್ಟಿಬಿಟ್ಟರೆ, ಎಲ್ಲಿಯೋ ಕೂತ ಯಾರಾದರೂ ಬೆರಳಿಟ್ಟು ತಾತನ ಗಂಟಲಲ್ಲಿ ತಮಗೆ ಬೇಕಾದ್ದು ಹಾಡಿಸಬಹುದು. ಮೃದಂಗ ನುಡಿಸಿದವರ ಹೆಸರು ಚರಿತ್ರೆಗೆ ಹೋಯಿತು, ಚರ್ಮ ಹದ ಮಾಡಿ ಮೃದಂಗ ಕಟ್ಟಿದವರ ಹೆಸರು ಹೋಗಲಿಲ್ಲ. ಟಿ.ಎಂ. ಕೃಷ್ಣ ಅವರ ಬಗ್ಗೆ 2020ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ದನಿಯ ವಿಚಾರದಲ್ಲೂ ಅದೇ ಆಗಬಾರದು. ಜನಪದ ಕಾವ್ಯಕ್ಕೆ ಕರ್ತೃ ಇಲ್ಲ, ಆದ್ದರಿಂದ ಯಾರು ಬೇಕಾದರೂ ಬಳಸಬಹುದು ಅಂತ ಹೇಳುವವರು ಅರ್ಧ ಕಾನೂನು ಹೇಳುತ್ತಾರೆ. ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿನಲ್ಲಿ 1994ರ ತಿದ್ದುಪಡಿಯಿಂದ ಹಾಡುವವನಿಗೆ, ನುಡಿಸುವವನಿಗೆ ಬೇರೆಯೇ ಹಕ್ಕು ಇದೆ. ಕಾವ್ಯ ಯಾರದೇ ಆಗಿರಲಿ, ಆ ದಿನ ಆ ಜಗಲಿಯಲ್ಲಿ ಹಾಡಿದ ಹಾಡಿಕೆ ಅವನದು. ಅವನ ಒಪ್ಪಿಗೆ ಇಲ್ಲದೆ ಅದನ್ನು ಧ್ವನಿಮುದ್ರಿಸಿ ಮಾರುವಂತಿಲ್ಲ. ಈ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ವ್ಯಾಪಾರಕ್ಕೆ ಬಳಸಿದಾಗ ಅವನಿಗೆ ರಾಯಧನವೂ ಸಲ್ಲಬೇಕು ಅಂತ ಮಾಡಿದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಎಲ್ಲ ಬರೆಸಿಕೊಳ್ಳುವವರು ಇದ್ದೇ ಇದ್ದಾರೆ. ಕಾರ್ಯಕರ್ತರು ಸಭೆ ಮಾಡುವಾಗ ಭೂಮಿಯ ಪಹಣಿ ಬಗ್ಗೆ ಹೇಳುವ ಹಾಗೆ ಈ ದನಿಯ ಹಕ್ಕಿನ ಬಗ್ಗೆಯೂ ಎರಡು ಮಾತು ಹೇಳುವುದು ಒಳ್ಳೆಯದು.

ಪೂರಿಗಾಲಿಯ ಹುಡುಗರ ಜೊತೆ ಕೂತು ನಾವು ಒಂದು ಕರಾರು ಬರೆದುಕೊಂಡಿದ್ದೇವೆ, ಸಾದಾ ಕಾಗದದಲ್ಲಿ. ಹಾಡಿಸಿಕೊಳ್ಳುವ ಮೊದಲು ಯಾತಕ್ಕೆ ಅಂತ ಹೇಳಬೇಕು. ಸರಿ ಮಾಡಿದ ಹಾಡನ್ನು ಹಾಡಿದವರಿಗೆ ಕೇಳಿಸದೆ ಹೊರಗೆ ಬಿಡಬಾರದು. ಅವರು ಬೇಡ ಅಂದರೆ ಬೇಡ. ಬಂದ ದುಡ್ಡಿನಲ್ಲಿ ಪಾಲು. ಗದ್ದಿಗೆಯ ಮುಂದೆ ಮಾತ್ರ ಹಾಡತಕ್ಕದ್ದು ಅಂತ ಅವರು ಅಂದ ಸಾಲನ್ನು ಯಂತ್ರಕ್ಕೆ ಹಾಕಬಾರದು. ಈ ಕೊನೆಯದರ ಮೇಲೆ ಇನ್ನೂ ಚರ್ಚೆ ಮುಗಿದಿಲ್ಲ. ದೇವರ ಹೆಸರಿನಲ್ಲಿ ಬಚ್ಚಿಡುವುದನ್ನು ವಿಚಾರವಾದಿಗಳಾದ ನಾವು ಒಪ್ಪಬಹುದೇ ಅಂತ ಒಬ್ಬ ಗೆಳೆಯ ಕೇಳಿದ್ದಾನೆ. ಬಚ್ಚಿಡುವ ಹಕ್ಕು ಇಷ್ಟು ದಿನ ಮೇಲಿನವರಿಗೆ ಮಾತ್ರ ಇತ್ತಲ್ಲ ಅಂತ ಇನ್ನೊಬ್ಬನ ಉತ್ತರ. ಈ ನಡುವೆ ಹುಡುಗರು ಗಗ್ಗರದ ಸದ್ದು ಹಿಡಿಯಲು ಒದ್ದಾಡುತ್ತಿದ್ದಾರೆ. ಅದಕ್ಕೆ ಸ್ವರವೂ ಇಲ್ಲ, ಮನೆಯೂ ಇಲ್ಲ, ಬಾಗಿಸಲು ಚಕ್ರದ ಕೈಗೂ ಸಿಗುತ್ತಿಲ್ಲ. ಚಿಕ್ಕಲ್ಲೂರಿನ ಜಾತ್ರೆಗೆ ಹೋದಾಗ ಅಲ್ಲೇ ಹತ್ತಾರು ಗಗ್ಗರ ಒಟ್ಟಿಗೆ ನುಡಿಯುವುದನ್ನು ಹಿಡಿದುಕೊಂಡು ಬರುತ್ತೇವೆ ಅಂತ, ಕೇಳಿಕೊಂಡೇ ಹಿಡಿಯುತ್ತೇವೆ ಅಂತ, ಮೈಕು ಹೊಂದಿಸುತ್ತಿದ್ದಾರೆ.